ಅಣಬೆ ಕೋಣೆಯ ಕಿಂಡಿ

ಗಂಡ ತೀರಿಕೊಂಡ ಮೇಲೆ ಪದ್ಮಾಕ್ಷಿ ಹಿತ್ತಲ ಕೋಣೆಯಲ್ಲಿ ಅಣಬೆ ಬೆಳೆಯತೊಡಗಿದಳು. ಅಣಬೆಯನ್ನು ಹೊಸಿಲೊಳಗೇ ಸೇರಿಸದ ಅರ್ಚಕರ ಮನೆತನ ಅವರದು. ಪಕ್ಕದ ಮನೆಯ ಮೈದುನ ಜನಾರ್ದನ ಮೂಗು ಮುರಿದ. ವಾಸನೆ ಅವನ ಮನೆಗೆ ಹೋಗದಿರಲೆಂದು ಅವಳೇ ಕೋಣೆಯ ಗಾಳಿ ಹೊರಹಾಕುವ ಫ್ಯಾನ್ ನಿಲ್ಲಿಸಿ, ಅದನ್ನು ಕೂರಿಸಿದ್ದ ಗೋಡೆಯ ಕಿಂಡಿಗೆ ಗೋಣಿಚೀಲ ತುರುಕಿದಳು.

ಅಣಬೆ ಬಂತು, ಆದರೆ ಬರೀ ಕಾಂಡ. ಕೊಡೆ ಬಿಚ್ಚದೆ ಕತ್ತು ಚಾಚಿಕೊಂಡು ನಿಂತಿದ್ದವು. ಸಿದ್ದಾಪುರದ ಅಂಗಡಿಯವನು ಬುಟ್ಟಿ ನೋಡಿ, "ಗಾಳಿ ಬಿಡ್ಲಿಲ್ವಾ ಅಮ್ಮ? ಇವಕ್ಕೆ ಉಸಿರು ಕಟ್ಟಿದೆ" ಎಂದು ವಾಪಸು ಕೊಟ್ಟ.

ಮನೆಗೆ ಬಂದವಳೇ ಗೋಣಿ ಕಿತ್ತೆಸೆದಳು. ಹೊಸ ಗಾಳಿ ಬರಲೆಂದು ಎದುರು ಗೋಡೆಯ ಬುಡದಲ್ಲಿ ತೂತು ಕೊರೆದು ಸೊಳ್ಳೆಪರದೆ ಕಟ್ಟಿದಳು. ಕಿಂಡಿಯ ಫ್ಯಾನ್ ಹಾಕಿದಳು.

ಕಿಂಡಿಯ ನೇರಕ್ಕೆ ಜನಾರ್ದನನ ಹೆಂಡತಿ ಮೈತ್ರೇಯಿಯ ಅಡುಗೆಮನೆ ಕಿಟಕಿ. ಪದ್ಮಾಕ್ಷಿ ಹಿತ್ತಲಿಗೆ ಬಂದಾಗಲೆಲ್ಲ ಗಂಡನ ಕಣ್ತಪ್ಪಿಸಿ, "ಕಾಫಿ ಆಯ್ತಾ ಅಕ್ಕ?" ಎಂದು ಮೈತ್ರೇಯಿ ಕೇಳುತ್ತಿದ್ದದ್ದು ಅಲ್ಲಿಂದಲೇ. ಪದ್ಮಾಕ್ಷಿಯನ್ನು ಮಾತಾಡಿಸುವವರು ಬೇರೆ ಯಾರೂ ಇರಲಿಲ್ಲ.

"ವಾಸನೆ ಬರ್ತದೆ ಅಕ್ಕ, ಇವ್ರು ಬಯ್ತಾರೆ" ಎಂದು ಮೈತ್ರೇಯಿ ಅಂದೇ ಕಿಟಕಿ ಹಾಕಿಕೊಂಡಳು.

ಮುಂದಿನ ಬೆಳೆ ಅಂಗೈಯಗಲ ಅರಳಿತು. ತೋರಿಸೋಣವೆಂದು ಪದ್ಮಾಕ್ಷಿ ಬುಟ್ಟಿ ಹಿಡಿದು ಹಿತ್ತಲಿಗೆ ಬಂದಳು. ಕಿಟಕಿ ಮುಚ್ಚಿಯೇ ಇತ್ತು. ಆಮೇಲೆ ಕೋಣೆಗೆ ಹಿಂತಿರುಗಿ ಅಣಬೆಗಳನ್ನೇ ಕೇಳಿದಳು: "ಕಾಫಿ ಆಯ್ತಾ?"