ಇನ್ನೂ ಮುಗಿಯದವರ ಲೆಕ್ಕ

ಶಿಗ್ಗಾಂವಿಯ ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಯಾವುದು ಎಷ್ಟು ಕಾಲ ಬಾಳೀತು ಎಂದು ಅಂದಾಜು ಮಾಡುವ ಪಾಠವೆಂದರೆ ನನಗೆ ಬಲು ಇಷ್ಟ. ಪಂಪ್‌ಸೆಟ್ಟಿನ ಮೋಟಾರು ಎಷ್ಟು ವರ್ಷಕ್ಕೆ ಸುಡುತ್ತದೆ ಎಂದು ತಿಳಿಯಲು ಸುಟ್ಟ ಮೋಟಾರುಗಳನ್ನಷ್ಟೇ ನೋಡಿ ಬಂದರೆ ಕೆಟ್ಟಿತು. ಇನ್ನೂ ನೀರೆತ್ತುತ್ತಿರುವವನ್ನೂ ಲೆಕ್ಕಕ್ಕೆ ಹಿಡಿಯಬೇಕು: ಇವು ಕಡೇಪಕ್ಷ ಇಷ್ಟು ವರ್ಷ ಬಾಳಿವೆ, ಮುಂದಿನದು ಗೊತ್ತಿಲ್ಲ, ಎಂದು. ಅವನ್ನು ಬಿಟ್ಟರೆ ಊರಿನ ಮೋಟಾರುಗಳೆಲ್ಲ ನಾಳೆಯೇ ಸುಡುವಂತೆ ಕಾಣುತ್ತವೆ. ಇಷ್ಟನ್ನು ಮಕ್ಕಳ ತಲೆಗೆ ತುಂಬುವಷ್ಟರಲ್ಲಿ ನನ್ನ ಗಂಟಲು ಹರಿದುಹೋಗುತ್ತದೆ. ಅಕ್ಕನ ತಲೆಗೆ ತುಂಬುವುದು ಅದಕ್ಕಿಂತ ಕಷ್ಟವಾಯಿತು.

ಅಕ್ಕ ಸವಣೂರಿನ ವೀಳ್ಯದೆಲೆ ತೋಟದ ಮನೆಗೆ ಸೊಸೆಯಾಗಿ ಹೋದವಳು. ಹೋದ ವರ್ಷ ಅವಳ ಎದೆಯಲ್ಲಿ ಗಂಟು ಕಂಡಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ, ಇನ್ನು ಕೆಲವು ವರ್ಷ ದಿನಾ ಒಂದು ಗುಳಿಗೆ ತಪ್ಪಿಸಬೇಡಿ ಎಂದು ಹೇಳಿ ಕಳಿಸಿದರು. ಯುಗಾದಿಗೆ ಹೋಗಿ ನೋಡುತ್ತೇನೆ, ಗುಳಿಗೆಯ ಡಬ್ಬಿ ಒಡೆದೇ ಇಲ್ಲ! ನನಗೆ ಸಿಟ್ಟು ನೆತ್ತಿಗೇರಿತು. ಹಬ್ಬವೆನ್ನದೆ ಬಾಯಿಗೆ ಬಂದಂತೆ ಬೈದೆ. ಎಲೆ ಜೋಡಿಸುತ್ತ ಕುಳಿತವಳು ತಲೆ ಎತ್ತಲಿಲ್ಲ. ನನ್ನ ಬೈಗುಳ ಮುಗಿದ ಮೇಲೆ ತನ್ನ ಲೆಕ್ಕ ಶುರು ಮಾಡಿದಳು. ಹಾನಗಲ್ಲಿನ ಬೀಗಿತಿ ಇದೇ ಬೇನೆಯಲ್ಲಿ ಹೋದಳು, ಹಿರೇಕೆರೂರಿನ ಗೆಳತಿ ಹೋದಳು, ಹಿಂದಿನ ಓಣಿಯಲ್ಲಿ ಖಾರದ ತಿಂಡಿ ಮಾಡಿ ಮಾರುತ್ತಿದ್ದವಳು ವರ್ಷ ತುಂಬುವುದರೊಳಗೆ ಹೋದಳು. ಇನ್ನು ಗುಳಿಗೆ ನುಂಗಿ ಏನು ಸುಖ ಎಂಬುದು ಅವಳ ವಾದ.

ಹೋದವರನ್ನಷ್ಟೇ ಎಣಿಸುತ್ತೀಯಲ್ಲ, ಉಳಿದವರು ಎಲ್ಲಿ ಎಂದು ಮೋಟಾರಿನ ಪಾಠವನ್ನು ಅವಳಿಗೂ ಒಪ್ಪಿಸಿದೆ. ಪೂರ್ತಿ ಕೇಳಿದಳು.

"ಹಂಗಾದ್ರ ಉಳದಾಕಿ ಒಬ್ಬಾಕಿನ್ನ ತೋರಿಸು. ಅವತ್ತ ನುಂಗ್ತೇನಿ."

ಎಲ್ಲಿಂದ ತರಲಿ? ನಮ್ಮ ಕಡೆ ಈ ಬೇನೆಯ ಹೆಸರನ್ನೇ ಎತ್ತುವುದಿಲ್ಲ. ಸತ್ತ ಮೇಲೆ 'ಅದ ಆಗಿತ್ತಂತ' ಎಂದು ಪಿಸುಗುಟ್ಟುತ್ತಾರೆ. ಗುಣವಾದವರು ಗರ್ಭಕೋಶದ ಆಪರೇಷನ್ ಎಂದು ಹೇಳಿ ಸುಮ್ಮನಾಗುತ್ತಾರೆ. ಬಾಯಿ ಬಿಟ್ಟರೆ ಬೇನೆ ಕೇಳಿಸಿಕೊಂಡು ತಿರುಗಿ ಬರುತ್ತದೆ ಎಂಬ ಅಂಜಿಕೆ. ಹಾನಗಲ್ಲಿನಲ್ಲಿ ಹಾಗೆ ಗುಣವಾದ ಒಬ್ಬರಿದ್ದಾರೆಂದು ಸುದ್ದಿ ಸಿಕ್ಕಿ ಅವರ ಮನೆಗೆ ಹೋದೆ. ಚಹಾ ಕೊಟ್ಟರು, ಚೂಡಾ ಕೊಟ್ಟರು, ತಮ್ಮ ಮನೆಯಲ್ಲಿ ಅಂಥದ್ದೇನೂ ಆಗಿಲ್ಲವೆಂದು ಕೈಮುಗಿದು ಕಳಿಸಿದರು. ಬಸ್ಸಿನಲ್ಲಿ ಹಲ್ಲು ಕಡಿಯುತ್ತ ಬಂದೆ. ನಿಜ ಹೇಳಬೇಕೆಂದರೆ ಅಳು ಬರುತ್ತಿತ್ತು.

ಆ ಭಾನುವಾರ ಮಾಸೂರಿಗೆ, ಅಪ್ಪನ ತಂಗಿಯಾದ ಅತ್ತೆಯ ಮನೆಗೆ ಹೋಗಿದ್ದೆ. ತಡೆಯಲಾರದೆ ಅಕ್ಕನ ಹಟ, ಅವಳು ಕೇಳಿದ ಮಾತು, ಎಲ್ಲವನ್ನೂ ಅವರ ಮುಂದೆ ಸುರಿದೆ. ಅತ್ತೆ ಎದ್ದರು. ಒಳಗೆ ಹೋಗಿ ಸೀರೆ ಬದಲಿಸಿ ಬಂದರು. ಸವಣೂರಿಗೆ ಹೋಗೋಣ ನಡೆ ಎಂದರು. ಬುದ್ಧಿ ಹೇಳಲು ಬರುತ್ತಿದ್ದಾರೆ ಎಂದುಕೊಂಡೆ ನಾನು.

ಅಕ್ಕನ ಮನೆಯಲ್ಲಿ ಅತ್ತೆ ಕೋಣೆಯ ಬಾಗಿಲಿಗೆ ಚಿಲಕ ಹಾಕಿ, ಅಕ್ಕತಂಗಿಯರಿಬ್ಬರ ಎದುರು ಸೆರಗು ಇಳಿಸಿ ಕುಪ್ಪಸದ ಗುಂಡಿ ಬಿಚ್ಚಿದರು. ಎಡಗಡೆ ಏನೂ ಇರಲಿಲ್ಲ. ಹಳೆಯ ಹೊಲಿಗೆಯ ಗುರುತೊಂದೇ ಇತ್ತು.

"ನಿನ್ನ ಲಗ್ನಕ್ಕೂ ಮೊದಲಿಂದು ಇದು," ಎಂದರು ಅಕ್ಕನಿಗೆ. "ನಿಮ್ಮ ಮಾವನ್ನ ಬಿಟ್ರ ಯಾರಿಗೂ ಗೊತ್ತಿಲ್ಲ. ಸೊಸಿಗೂ ಹೇಳಿಲ್ಲ."

ಅಕ್ಕನ ಲಗ್ನದಲ್ಲಿ ಎಲ್ಲರಿಗಿಂತ ಹೆಚ್ಚು ಓಡಾಡಿದವರು ಈ ಅತ್ತೆಯೇ. ಈಗ ಅಕ್ಕನ ಮಗಳೇ ಕಾಲೇಜಿಗೆ ಹೋಗುತ್ತಾಳೆ. ಅಕ್ಕ ಆ ಗುರುತಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಅತ್ತಳು. ಆಮೇಲೆ ಎದ್ದು ಡಬ್ಬಿ ಒಡೆದು, ಅತ್ತೆಯ ಎದುರಿಗೇ ಗುಳಿಗೆ ನುಂಗಿದಳು.

ತಿರುಗಿ ಹೋಗುವಾಗ ಬಸ್‌ಸ್ಟ್ಯಾಂಡಿನವರೆಗೆ ಅವಳೂ ಬಂದಳು. ಅತ್ತೆ ಕಿಟಕಿಯ ಪಕ್ಕ ಕುಳಿತು ನನ್ನ ಕೈ ಹಿಡಿದುಕೊಂಡರು.

"ಇಷ್ಟ ವರ್ಷ ಬಾಯಿ ಮುಚಗೊಂಡಿದ್ದೆ. ಇವತ್ತ ಬಿಟ್ಟೆ. ಇನ್ನ ಅದು ತಿರುಗಿ ಬರ್ತದೇನ?"

ಇಷ್ಟು ವರ್ಷ ದಾಟಿದವರಿಗೆ ಅದು ಬರುವ ಸಂಭವ ಎಷ್ಟು ಕಡಿಮೆ ಎಂದು ಹೇಳಲು ನಾನು ಗಂಟಲು ಸರಿ ಮಾಡಿಕೊಳ್ಳುತ್ತಿದ್ದೆ. ಕೆಳಗೆ ನಿಂತಿದ್ದ ಅಕ್ಕ ಕಿಟಕಿಯ ಸರಳು ಹಿಡಿದಳು.

"ಬಂದ್ರ ಬರ್ಲಿ ಅತ್ತಿ. ಈ ಸಲ ನೀ ಒಬ್ಬಾಕೇ ಇರಂಗಿಲ್ಲ."