ಕುದಿನೀರಿಗೆ ಹಾಕಿದ ಕಲ್ಲು

ಇವತ್ತು ಬೆಳಿಗ್ಗೆ ಡಿಕಾಕ್ಷನ್ ಇಳಿಯಲು ಇಟ್ಟು, ಮಗಳ ಡಬ್ಬಿಗೆ ಚಿತ್ರಾನ್ನ ತುಂಬಿ ಶಾಲೆಗೆ ಕಳಿಸಿ, ಉಪ್ಪಿನ ಭರಣಿ ತೊಳೆಯಲೆಂದು ಕುದಿಯುವ ನೀರು ಸುರಿದೆ. ಉಪ್ಪುಪ್ಪಾದ ಹಬೆ ಮೂಗಿಗೆ ಬಡಿಯಿತು. ಉಸಿರು ಬಿಗಿಹಿಡಿದು ಹಿಂದೆ ಸರಿದೆ. ಹತ್ತು ವರ್ಷವಾದರೂ ಆ ಹಬೆಗೆ ಹೆದರುತ್ತೇನೆ... ಮೂರನೇ ಮಹಡಿಯ ತಾತ ನೆನಪಾದರು.

ಅವರು ಕಾಲೇಜೊಂದರ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದವರು. ವೇಲಚೇರಿಯ ಈ ಫ್ಲಾಟಿಗೆ ನಾವು ಆಗಷ್ಟೇ ಬಂದಿದ್ದೆವು. ನಮ್ಮವರು ಆಸೆಪಟ್ಟು ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದರು. ಅದಕ್ಕೆಂದು ತಂದ ಸಮುದ್ರದ ಕಲ್ಲಿನೊಳಗಿಂದ ದಿನಕ್ಕೊಂದು ಪುಟ್ಟ ಜೀವ ಹೊರಬರುತ್ತಿತ್ತು. ಸಂಜೆಯಾದರೆ ತಾತ ಭೂತಗನ್ನಡಿ ಹಿಡಿದು ಇಳಿದು ಬರುತ್ತಿದ್ದರು. ಐದು ವರ್ಷದ ಮಗಳು ಗಾಜಿಗೆ ಮೂಗು ಒತ್ತಿ, “ಇದು ಎನ್ನ, ತಾತಾ?” ಎಂದು ಇದೇನೆಂದು ತಮಿಳಿನಲ್ಲಿ ಕೇಳುವಳು. ಅವರು ಕಾಲು ಎಣಿಸಿ, ಮೀಸೆ ನೋಡಿ, ಇದು ಸೀಗಡಿಯ ದಾಯಾದಿ, ಇದು ಬಸವನಹುಳುವಿನ ಮರಿ ಎಂದು ಗುರುತಿಸುವರು. ತಿಳಿಯದಿದ್ದರೆ, “ಗೊತ್ತಿಲ್ಲ ಕಂದಾ, ನಾಳೆ ನೋಡೋಣ.” ಗೊತ್ತಿಲ್ಲ ಎಂದು ಅಷ್ಟು ಸಲೀಸಾಗಿ ಹೇಳುವ ದೊಡ್ಡವರನ್ನು ನಾನು ಓದಿದ ಕಾನ್ವೆಂಟಿನಲ್ಲಿ ಕಂಡಿರಲಿಲ್ಲ.

ಒಂದು ಬೆಳಿಗ್ಗೆ ಕಲ್ಲಿನ ಬಿರುಕಿನಿಂದ ಮೈಯೆಲ್ಲ ಕೂದಲಿದ್ದ ಉದ್ದನೆಯ ಹುಳ ಇಣುಕಿತು. ಮಗಳದು ಎಲ್ಲೆಂದರಲ್ಲಿ ಕೈ ಹಾಕುವ ವಯಸ್ಸು. ಸಂಜೆ ತಾತ ಬರುವವರೆಗೆ ಕಾಯುವ ತಾಳ್ಮೆ ಉಳಿಯಲಿಲ್ಲ. ನನ್ನ ತವರಿನಲ್ಲಿ ತಿಗಣೆ ಹಿಡಿದ ಮಂಚಕ್ಕೂ ಇರುವೆ ಗೂಡಿಗೂ ಒಂದೇ ಮದ್ದು, ಕುದಿನೀರು. ದೊಡ್ಡ ಪಾತ್ರೆಯಲ್ಲಿ ನೀರು ಮರಳಿಸಿ, ಕಲ್ಲನ್ನು ಇಕ್ಕಳದಲ್ಲಿ ಹಿಡಿದು ಮುಳುಗಿಸಿದೆ. ಅದರ ಮೇಲೆ ಅಂಗಿ ಗುಂಡಿಗಳಂಥ ಕಂದು ಹೂಗಳಿದ್ದವು. ಅವೂ ಬೆಂದುಹೋಗುತ್ತವಲ್ಲ ಎಂದು ಬೇಸರವಾಯಿತು, ಅಷ್ಟೇ.

ಪೇಪರ್ ಕೇಳಲು ಬಂದ ತಾತ ಪಾತ್ರೆಯೊಳಗೆ ಬಗ್ಗಿ ನೋಡಿದರು. ಮುಖ ಬಿಳಿಚಿತು.

“ಮಗು ಎತ್ಕೋ. ಆಚೆ ಹೋಗು. ಉಸಿರು ಎಳೀಬೇಡ.”

ಮೆಟ್ಟಿಲಿಗೆ ಓಡಿದೆ. ಒಳಗೆ ಅವರು ಮುಚ್ಚಳ ಹಾಕಿದ್ದು, ಒಂದೊಂದೇ ಕಿಟಕಿ ತೆರೆದದ್ದು ಕೇಳಿಸಿತು. ಎಷ್ಟೊಂದು ಹೊತ್ತು...

“ಹುಳ ಪಾಪದ್ದಮ್ಮ, ಮುಟ್ಟಿದ್ರೆ ಚುಚ್ಚುತ್ತೆ, ಅಷ್ಟೇ,” ಎಂದರು ಹೊರಬಂದು. “ವಿಷ ಇರೋದು ಆ ಗುಂಡಿ ಹೂಗಳಲ್ಲಿ. ಬೇಯಿಸಿದ್ರೆ ಹಬೇಲಿ ಬರುತ್ತೆ.”

ಆಸ್ಪತ್ರೆಯಲ್ಲಿ ಸಂಜೆಯವರೆಗೆ ಮಗಳ ಎದೆ ಏರಿಳಿಯುವುದನ್ನೇ ನೋಡುತ್ತ ಕೂತೆ. ಅವಳಿಗೆ ಏನೂ ಆಗಲಿಲ್ಲ. ಜೊತೆಗೆ ಬಂದ ತಾತ ಕೆಮ್ಮುತ್ತಲೇ ಇದ್ದರು. ನೀವೂ ತೋರಿಸಿಕೊಳ್ಳಿ ಎಂದೆ.

“ಇದು ಹಳೇ ಕೆಮ್ಮು. ಲ್ಯಾಬಿನ ಫಾರ್ಮಲಿನ್ ಕೊಟ್ಟ ಪೆನ್ಷನ್,” ಎಂದು ನಕ್ಕರು.

ಪರಿಚಯವಾಗಿ ಇನ್ನೂ ಎರಡು ವಾರ. ಅದಕ್ಕೆ ಮುಂಚೆ ಅವರು ಕೆಮ್ಮಿದ್ದನ್ನು ಕೇಳಿದ್ದೆನೇ... ನೆನಪಾಗಲಿಲ್ಲ. ನಂಬಿದೆ. ನಂಬುವುದು ಹಿತವಾಗಿತ್ತು. ಎರಡು ವರ್ಷದ ನಂತರ ಉಸಿರಾಟದ ತೊಂದರೆಯಿಂದಲೇ ತೀರಿಕೊಂಡರು.

ಇವತ್ತು ಸಂಜೆ ಬಟ್ಟೆ ತೆಗೆಯಲು ಟೆರೇಸಿಗೆ ಹೋದೆ. ಈ ಕಟ್ಟಡಕ್ಕೆ ಎಲ್ಲರಿಗಿಂತ ಮೊದಲು ಬಂದ, ನಮ್ಮ ಪಕ್ಕದ ಮನೆಯ ಮೈಸೂರಿನವರು ಅಲ್ಲಿದ್ದರು. ಯಾಕೋ ತಾತ ನೆನಪಾದರು, ಪಾಪ, ಆ ಹಳೇ ಕೆಮ್ಮಲ್ಲೇ ಹೋದರು, ಎಂದೆ.

ಅವರು ಸೀರೆ ಮಡಚುತ್ತಲೇ ಹೇಳಿದರು: “ಹಳೇದೆಲ್ಲಿ ಬಂತು? ನೀವು ಬರೋಕೆ ಮುಂಚೆ ನೀರಿನ ಕ್ಯಾನ್ ಹೆಗಲ ಮೇಲಿಟ್ಕೊಂಡು ಮೂರು ಮಹಡಿ ಹತ್ತೋರು, ಒಂದು ಸಲಾನೂ ಕೆಮ್ಮಿದ್ದು ನಾ ಕಾಣೆ. ಅದಿರಲಿ, ಈ ಕ್ಲಿಪ್ ನಿಮ್ದಾ?”