ಎರಡನೇ ಬಟ್ಟಲು

ನಮ್ಮ ಅಡುಗೆಮನೆಯ ಕಪಾಟಿನಲ್ಲಿ, ಸಕ್ಕರೆ ಡಬ್ಬಿಯ ಪಕ್ಕ, ಒಂದು ಸ್ಟೀಲ್ ಡಬ್ಬಿ ಇದೆ. ಒಳಗೆ ಸಾರಿನ ಪುಡಿ. ತುಮಕೂರಿನಲ್ಲಿ ಹುರಿದು ಪುಡಿ ಮಾಡಿ, ಎರಡು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಹಳೇ ಸೀರೆಯ ಚೂರು ಸುತ್ತಿ ವಿಮಾನ ಹತ್ತಿಸಿದ್ದು. ಅಷ್ಟು ಸುತ್ತಿದರೂ ವಾಸನೆ ನಿಲ್ಲುತ್ತದೆಯೇ? ಕಪಾಟಿನ ಬಾಗಿಲು ತೆಗೆದರೆ ಸಾಕು, ಕೊತ್ತಂಬರಿ ಬೀಜ, ಮೆಂತ್ಯ, ಇಂಗು ಮೂರೂ ಒಟ್ಟಿಗೆ ಮುಖಕ್ಕೆ ಬರುತ್ತವೆ. ನಾನು ಇಪ್ಪತ್ತೆಂಟು ವರ್ಷದಿಂದ ಅಡುಗೆ ಮಾಡಿ ಬದುಕಿದವನು. ಮೆಂತ್ಯದ ವಾಸನೆಗೆ ಹೆದರುವ ಜಾತಿಯಲ್ಲ. ಆದರೂ ಕಳೆದ ತಿಂಗಳೆಲ್ಲ ಚಹಾಕ್ಕೆ ಸಕ್ಕರೆ ಬೇಕಾದರೆ ಹೆಂಡತಿಯನ್ನು ಕೂಗುತ್ತಿದ್ದೆ.

ಯಾಕೆ ಅಂತ ಹೇಳಬೇಕಾದರೆ ನಿಮ್ಮನ್ನು ಒಂದು ಜಪಾನೀ ಹೋಟೆಲಿಗೆ ಕರೆದುಕೊಂಡು ಹೋಗಬೇಕು.

ನಾನಿರುವುದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ. ಲಿಂಡ್‌ಹೋಲ್ಮೆನ್‌ನ ಆಫೀಸುಗಳ ನಡುವೆ ನಮ್ಮದೊಂದು ಇಂಡಿಯನ್ ರೆಸ್ಟೋರೆಂಟ್. ನಮ್ಮದು ಅಂದರೆ ಮಾಲೀಕ ಬೇರೆಯವನು, ಬೆವರು ನನ್ನದು. ಮಧ್ಯಾಹ್ನ ಕಂಪ್ಯೂಟರ್ ಹುಡುಗರು ಸಾಲು ನಿಲ್ಲುತ್ತಾರೆ. ಅವರಲ್ಲಿ ಕನ್ನಡದವರು ಐದಾರು ಜನ. ನನ್ನನ್ನು ಅಣ್ಣ ಅನ್ನುತ್ತಾರೆ, ನಾನು ಅವರಿಗೆ ಮಾತ್ರ ಬೇರೆ ಪಾತ್ರೆಯಿಂದ ಖಾರ ಜಾಸ್ತಿ ಇರುವ ಸಾಂಬಾರು ಬಡಿಸುತ್ತೇನೆ. ಅವರೆಲ್ಲ ಎಂಜಿನಿಯರುಗಳು. ನಾನು ಗಂಗೊಳ್ಳಿಯಲ್ಲಿ ಏಳನೇ ಕ್ಲಾಸಿಗೆ ಚೀಲ ಗೋಡೆಗೆ ನೇತುಹಾಕಿ ಬಂದವನು. ಆಮೇಲೆ ಮುಂಬೈ, ಆಮೇಲೆ ಮಸ್ಕತ್, ಆಮೇಲೆ ಇಲ್ಲಿ. ಎಲ್ಲಿಯೂ ಯಾರ ಹತ್ತಿರವೂ ಕೈ ಚಾಚಲಿಲ್ಲ ಎಂಬ ಒಂದು ಕೊಬ್ಬು ನನಗಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ.

ಈ ಹುಡುಗರಲ್ಲಿ ಶ್ರೀಧರ ಎನ್ನುವವನಿಗೆ ಮಾಲ್ಮೋದಲ್ಲಿ ಕೆಲಸ ಸಿಕ್ಕಿತು. ಹೋಗುವ ಮೊದಲು ಎಲ್ಲರೂ ಸೇರಿ ಒಂದು ಊಟ ಮಾಡೋಣ ಎಂದಾಯಿತು. ಮೀನಿನ ಊಟ. ಜಪಾನೀ ಇಝಕಾಯಾದಲ್ಲಿ. ಇಝಕಾಯಾ ಅಂದರೆ ಕೆಲಸ ಮುಗಿಸಿದವರು ಕೂತು, ಕುಡಿಯುತ್ತಾ, ಸಣ್ಣ ಸಣ್ಣ ತಟ್ಟೆಗಳನ್ನು ಒಂದೊಂದಾಗಿ ತರಿಸಿ ಹಂಚಿಕೊಂಡು ತಿನ್ನುವ ಜಾಗ. ನಮ್ಮ ಕಡೆಯ ಬಾರ್ ಆಂಡ್ ರೆಸ್ಟೋರೆಂಟಿಗೆ ಸ್ನಾನ ಮಾಡಿಸಿ ತಲೆ ಬಾಚಿದ ಹಾಗಿರುತ್ತದೆ.

"ಅಣ್ಣ, ಜಾಗ ನೀವೇ ಸೆಲೆಕ್ಟ್ ಮಾಡಬೇಕು" ಎಂದ ನವೀನ. ಆ ಗುಂಪಿನಲ್ಲಿ ಬಾಯಿ ಜಾಸ್ತಿ ಇರುವವನು ಅವನು. "ನಾವು ರೇಟಿಂಗ್ ನೋಡಿ ಹೋಗಿ ಮೋಸ ಹೋಗ್ತೀವಿ. ಮೀನಿನ ವಿಷಯದಲ್ಲಿ ನೀವು ಪ್ರೊಫೆಸರ್."

ಪ್ರೊಫೆಸರ್! ಏಳನೇ ಕ್ಲಾಸಿನವನಿಗೆ ಎಂ.ಟೆಕ್ ಓದಿದವನು ಹಾಗೆ ಹೇಳಿದರೆ ಒಳಗೆ ಏನಾಗುತ್ತದೆ ಎಂದು ನಿಮಗೆ ಗೊತ್ತಿಲ್ಲದಿರಬಹುದು. ಅವತ್ತು ರಾತ್ರಿ ಟ್ರಾಮ್‌ನಲ್ಲಿ ಸೀಟು ಖಾಲಿ ಇದ್ದರೂ ನಾನು ನಿಂತುಕೊಂಡೇ ಮನೆಗೆ ಬಂದೆ.

ಅವತ್ತು ಮಧ್ಯಾಹ್ನ ಬಿಲ್ ಕೊಡುವಾಗ ಶ್ರೀಧರ ಮಾತ್ರ ಹಿಂದೆ ಉಳಿದಿದ್ದ. "ಅಣ್ಣ, ಅಮ್ಮ ತುಮಕೂರಿಂದ ಬಂದಿದ್ದಾರೆ. ಹೆಂಡತಿ ಮಗಳು ಆಗಲೇ ಮಾಲ್ಮೋಗೆ ಹೋಗಿದ್ದಾರೆ. ರಾತ್ರಿ ಒಬ್ಬರನ್ನೇ ಮನೇಲಿ ಬಿಟ್ಟು ಬರೋಕಾಗಲ್ಲ. ಅವರಿಗೆ ಏನಾದ್ರೂ ಸಿಗುತ್ತಾ ಒಂದು ಮಾತು ಕೇಳಿಬಿಡಿ. ಮೊಟ್ಟೆ ಇದೆ ಅಂತ ಮೊಮ್ಮಗಳ ಬರ್ತ್‌ಡೇ ಕೇಕನ್ನೇ ಇದುವರೆಗೆ ಮುಟ್ಟಿಲ್ಲ ಅವರು."

"ಅದು ನನಗೆ ಬಿಡು" ಎಂದೆ.

ನನ್ನ ಅಡುಗೆಮನೆ ಮುಚ್ಚುವುದು ಒಂಬತ್ತೂವರೆಗೆ. ನಾನೂ ಬರಬೇಕೆಂದರೆ ಊಟ ಹತ್ತಕ್ಕೆ ಶುರುವಾಗಬೇಕು. ಈ ದೇಶದಲ್ಲಿ ಹತ್ತು ಗಂಟೆಗೆ ಹಸಿವಾದವನು ಒಂದೋ ಸಾಸೇಜ್ ಗಾಡಿ ಹುಡುಕಬೇಕು, ಇಲ್ಲ ನಿದ್ದೆ ಮಾಡಬೇಕು. ಹಾಗಾಗಿ ತಡರಾತ್ರಿ ಒಲೆ ಉರಿಯುವ ಮೂರೇ ಜಾಗ ಉಳಿದವು. ಒಂದು ಸೋಮವಾರ ರಜೆ ಹಾಕಿ ಮೂರಕ್ಕೂ ನಾನೇ ಹೋದೆ. ಮೊದಲನೆಯದರಲ್ಲಿ ಎಂಟು ಜನ ಒಟ್ಟಿಗೆ ಕೂರುವ ಮೇಜಿರಲಿಲ್ಲ. ಎರಡನೆಯದರಲ್ಲಿ ಮೇಜು ಇತ್ತು, ಮೀನು ಫ್ರೀಜರಿನದು. ಅದನ್ನು ಹೇಗೆ ಕಂಡುಹಿಡಿದೆ ಎಂದರೆ, ಕೌಂಟರಿನ ಮೇಲೆ ಬಗ್ಗಿ ಬಂಗುಡೆಯ ಕಿವಿರು ಎತ್ತಿ ನೋಡಿಬಿಟ್ಟೆ. ಅಲ್ಲಿನ ಹುಡುಗ "ಹೇ, ಹೇ" ಎಂದು ಓಡಿ ಬಂದ. ನನ್ನ ಅಬ್ಬಿ, ಅಂದರೆ ನನ್ನ ತಾಯಿ, ಮೀನು ಮಾರಿ ನಮ್ಮನ್ನು ಸಾಕಿದವಳು. ಕಿವಿರು ಎತ್ತದೆ ಮೀನು ಕೊಂಡರೆ ಅವಳು ಬೆನ್ನಿಗೆ ಒಂದು ಕೊಡುತ್ತಿದ್ದಳು. ನನ್ನ ಕೈಗೆ ಆ ಅಭ್ಯಾಸ ಇನ್ನೂ ಹೋಗಿಲ್ಲ.

ಮೂರನೆಯದು ನದಿಯ ಆಚೆ ದಡದಲ್ಲಿತ್ತು. ಲಿಂಡ್‌ಹೋಲ್ಮೆನ್‌ನಿಂದ ದೋಣಿಯಲ್ಲಿ ದಾಟಿ ಹತ್ತು ನಿಮಿಷ ನಡೆಯಬೇಕು. ಅಡುಗೆಯವನು ಅರವತ್ತು ದಾಟಿದ ಜಪಾನೀ ಮುದುಕ. ಕೈ ನೋಡಿದರೆ ಸಾಕು, ಗೊತ್ತಾಗುತ್ತದೆ. ಬೆರಳ ತುದಿಯಲ್ಲಿ ಹಳೇ ಕೊಯ್ತದ ಗುರುತುಗಳು, ನನ್ನ ಬೆರಳಿನವುಗಳ ಅಣ್ಣತಮ್ಮಂದಿರು. ನಾನು ಮೀನಿನ ಕಡೆ ಕೈ ತೋರಿಸಿದಾಗ ಅವನೇ ಕಿವಿರು ಎತ್ತಿ ತೋರಿಸಿ ನಕ್ಕ. ಕೆಂಪಗೆ ದಾಸವಾಳದ ಹಾಗಿತ್ತು. ಇಬ್ಬರಿಗೂ ಭಾಷೆ ಬೇಕಾಗಲಿಲ್ಲ.

ಅಲ್ಲಿಗೇ ಮುಗಿದಿದ್ದರೆ ಈ ಬರಹ ಇರುತ್ತಿರಲಿಲ್ಲ. ಶ್ರೀಧರನ ಅಮ್ಮನ ನೆನಪಾಗಿ, ಅಲ್ಲಿದ್ದ ಹುಡುಗಿಯನ್ನು ಕೇಳಿದೆ, ಮಾಂಸ ಮೀನು ಇಲ್ಲದ್ದು ಏನಿದೆ ಎಂದು. ಅವಳು ಪಟ್ಟಿಯಲ್ಲಿ ತೋಫು, ಬದನೆ, ಪಾಲಕ್ ಸೊಪ್ಪು, ಒಂದು ಸೂಪು ತೋರಿಸಿದಳು. ಆಮೇಲೆ ನನ್ನ ಮುಖ ನೋಡಿ, ಒಳಗೆ ಹೋಗಿ, ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆ ತಂದು ಕೈಗಿಟ್ಟಳು. ಯಾವ ಅಡುಗೆಗೆ ಏನೇನು ಹಾಕಿದ್ದಾರೆ ಎಂದು ಸಣ್ಣ ಅಕ್ಷರದಲ್ಲಿ, ಸ್ವೀಡಿಷ್‌ನಲ್ಲಿ.

ನನಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ. ಇಂಗ್ಲಿಷ್ ಬೋರ್ಡು ಓದುತ್ತೇನೆ. ಸ್ವೀಡಿಷ್ ಮಾತಾಡಿ ಕೆಲಸ ಸಾಗಿಸುತ್ತೇನೆ. ಆದರೆ ಆ ಹಾಳೆ ನನಗೆ ಇರುವೆ ಸಾಲಿನ ಹಾಗೆ ಕಂಡಿತು. "ನೀವೇ ಓದಿ ಹೇಳಿ" ಎಂದರೆ ಆ ಹುಡುಗಿ ಓದುತ್ತಿದ್ದಳು. ಅರ್ಧ ನಿಮಿಷದ ಕೆಲಸ. ನಾನು ಏನು ಮಾಡಿದೆ ಗೊತ್ತೇ? ಕಣ್ಣನ್ನು ಎಡದಿಂದ ಬಲಕ್ಕೆ, ಓದುವವರ ವೇಗದಲ್ಲೇ, ಮೇಲಿನಿಂದ ಕೆಳಗಿನವರೆಗೆ ಇಳಿಸಿದೆ. ನಡುವೆ ಒಂದು ಕಡೆ ತಲೆಯನ್ನೂ ಆಡಿಸಿದೆ. ಹಾಳೆ ತಿರುಗಿಸಿದೆ. ಹಿಂದೆ ಏನೂ ಬರೆದಿರಲಿಲ್ಲ. ಆ ಖಾಲಿ ಕಡೆಯನ್ನೂ ಸ್ವಲ್ಪ ಹೊತ್ತು ನೋಡಿದೆ. "ಬ್ರಾ" ಎಂದು ವಾಪಸು ಕೊಟ್ಟೆ. ಒಳ್ಳೆಯದು, ಚೆನ್ನಾಗಿದೆ ಎನ್ನಲು ಇಲ್ಲಿ ಹಾಗೆನ್ನುತ್ತಾರೆ.

ಶ್ರೀಧರನಿಗೆ ಫೋನ್ ಮಾಡಿ, "ನಾನೇ ಪೂರ್ತಿ ಚೆಕ್ ಮಾಡಿದೆ. ಅಮ್ಮನಿಗೆ ನಾಲ್ಕು ಐಟಂ ಇದೆ" ಎಂದೆ.

ಊಟದ ರಾತ್ರಿ ಗಾಳಿ ಚರ್ಮ ಕೀಳುವ ಹಾಗಿತ್ತು. ಶ್ರೀಧರನ ಅಮ್ಮ ಶಾರದಮ್ಮ ಸೀರೆಯ ಮೇಲೆ ಮಗನ ದೊಡ್ಡ ಜಾಕೆಟ್ ಹಾಕಿ, ಕಾಲಿಗೆ ಸೊಸೆಯ ಬೂಟು ತೊಟ್ಟು ಬಂದರು. ಕೂತ ಕೂಡಲೇ ಹುಡುಗರ ಸಂಕೋಚ ಬಿಡಿಸಿದರು. "ನೀವು ತಿನ್ರಪ್ಪಾ. ನಮ್ಮ ಶ್ರೀಧರನೂ ತಿಂತಾನೆ, ನನಗೆ ಗೊತ್ತು. ನಾನು ಈ ಕಡೆ ತಿರುಗಿ ಕೂತ್ಕೋತೀನಿ, ಅವನು ಆ ಕಡೆ ತಿರುಗಿ ತಿನ್ನಲಿ."

ಶ್ರೀಧರನ ಕಿವಿ ಕೆಂಪಾಯಿತು. ಮೇಜೆಲ್ಲ ನಕ್ಕಿತು.

ಸುಟ್ಟ ಬಂಗುಡೆ ಬಂತು, ಸೀಗಡಿ ಬಂತು, ಬೆಣ್ಣೆಯಂಥ ಹಸಿ ಮೀನಿನ ಚೂರುಗಳು ಬಂದವು. ಹುಡುಗರು ಮೊದಲು ಫೋಟೋಕ್ಕೆ ಉಣಿಸಿ ಆಮೇಲೆ ತಾವು ತಿಂದರು. ನವೀನ ಗ್ಲಾಸು ಎತ್ತಿದ. "ನಮ್ಮ ಪ್ರೊಫೆಸರಿಗೆ!" ಎಲ್ಲರೂ ಎತ್ತಿದರು. ಶಾರದಮ್ಮ ಕೂಡ ನೀರಿನ ಲೋಟ ಎತ್ತಿದರು. ನಾನು ಬೇಡ ಬೇಡ ಎನ್ನುತ್ತಾ ಬೆನ್ನು ನೆಟ್ಟಗೆ ಮಾಡಿಕೊಂಡೆ.

ಆಗ ಎಲ್ಲರ ಮುಂದೆ ಒಂದೊಂದು ಬಟ್ಟಲು ಸೂಪು ಬಂತು. ಶಾರದಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು, ಹಬೆಗೆ ಮುಖ ಒಡ್ಡಿ, ಗುಟುಕು ಗುಟುಕಾಗಿ ಕುಡಿಯಲು ಶುರು ಮಾಡಿದರು. ನಾನು ಮಾತಿನ ಭರದಲ್ಲಿದ್ದೆ. ನನ್ನ ಬಟ್ಟಲು ತುಟಿಗೆ ಹೋದದ್ದು ಸ್ವಲ್ಪ ತಡವಾಗಿ.

ನುಂಗುವ ಮೊದಲೇ ಗೊತ್ತಾಯಿತು.

ನಮ್ಮ ಮನೆಯಲ್ಲಿ ಬಿಸ್ಕೀಟಿನ ಒಂದು ದೊಡ್ಡ ತಗಡಿನ ಡಬ್ಬ ಇತ್ತು. ಮಳೆಗಾಲಕ್ಕೆಂದು ಅಬ್ಬಿ ಅದರಲ್ಲಿ ಒಣಮೀನು ತುಂಬಿಡುತ್ತಿದ್ದಳು. ಅದರ ಮುಚ್ಚಳ ತೆಗೆದಾಗ ಬರುವ ಬಿಸಿಲು, ಉಪ್ಪು, ಒಲೆಯ ಹೊಗೆ ಎಲ್ಲ ನನ್ನ ನಾಲಿಗೆಯ ಮೇಲಿತ್ತು. ಕೌಂಟರಿನ ಆಚೆ ನೋಡಿದೆ. ಮುದುಕ ಬಡಗಿಯ ಉಳಿಯಿಂದ ಎದ್ದ ಹೊಟ್ಟಿನಂಥದ್ದನ್ನು ಮುಷ್ಟಿ ತುಂಬ ತೆಗೆದು ಕುದಿಯುವ ಪಾತ್ರೆಗೆ ಹಾಕುತ್ತಿದ್ದ. ಒಣಗಿಸಿ ಹೊಗೆ ಹಾಕಿದ ಟ್ಯೂನಾ ಮೀನಿನ ತುರಿ. ಬದನೆಯ ತಟ್ಟೆಗೂ ಅದೇ ಸೌಟಿನಿಂದ ರಸ ಹಾಕಿದ. ತೋಫುವಿಗೂ.

"ಅಬ್ಬಾ, ಹೋದ ಜೀವ ಬಂತು" ಎಂದರು ಶಾರದಮ್ಮ. ಬಟ್ಟಲು ಖಾಲಿ. ಕೆನ್ನೆಗೆ ಬಣ್ಣ ಬಂದಿತ್ತು. "ಏನಪ್ಪಾ, ಇದು ಯಾತರ ಸಾರು? ಇನ್ನೊಂದು ಬಟ್ಟಲು ಕೊಡ್ತಾರಾ?"

"ಪ್ರೊಫೆಸರನ್ನ ಕೇಳಿ ಅಮ್ಮ. ಪರೀಕ್ಷೆ ಮಾಡಿ ಪಾಸ್ ಮಾಡಿರೋದು ಅವರೇ" ಎಂದ ನವೀನ.

ಏಳು ಮುಖಗಳು ನನ್ನ ಕಡೆ ತಿರುಗಿದವು. ಹೇಳಿದರೆ, ಹೇಗೆ ತಪ್ಪಾಯಿತು ಎನ್ನುತ್ತಾರೆ. ಹಾಳೆ ಕೊಡಲಿಲ್ಲವೇ ಎನ್ನುತ್ತಾರೆ. ಕೊಟ್ಟರು, ಓದಲು ಬರಲಿಲ್ಲ ಎನ್ನಬೇಕು. ಗ್ಲಾಸು ಎತ್ತಿ ಇನ್ನೂ ಹತ್ತು ನಿಮಿಷ ಆಗಿಲ್ಲ.

"ಅಣಬೆ ಅಮ್ಮ" ಎಂದೆ. "ಅಣಬೆ, ಸೋಯಾ. ಅಷ್ಟೇ." ಹೇಳಿ, ಕೈ ಎತ್ತಿ ಆ ಹುಡುಗಿಯನ್ನು ನಾನೇ ಕರೆದೆ. ಎರಡನೇ ಬಟ್ಟಲು ತರಿಸಿದವನು ನಾನು. ಅದು ಟ್ರೇ ಮೇಲೆ ಹಬೆಯಾಡುತ್ತಾ ಬರುವುದನ್ನು ಅಷ್ಟು ದೂರದಿಂದ ನೋಡುತ್ತಲೇ ಇದ್ದೆ. ಆಗಲೂ ನಿಜ ಹೇಳಲು ಹೊತ್ತು ಇತ್ತು.

ಹೊರಡುವಾಗ ಶಾರದಮ್ಮ ನನ್ನ ಕೈ ಹಿಡಿದುಕೊಂಡರು. "ನಮ್ಮನೇಲಿ ಓದಿದವರು ಬೇಕಾದಷ್ಟು ಜನ ಇದ್ದಾರೆ. ಹೊರಗೆ ಕರ್ಕೊಂಡು ಹೋದರೆ ಮೊಸರು ಸಿಗುತ್ತೆ ಬನ್ನಿ ಅಂತಾರೆ. ನನ್ನ ಊಟ ಏನು ಎತ್ತ ಅಂತ ಮೊದಲೇ ಹೋಗಿ ವಿಚಾರಿಸಿ ಬಂದವನು ನೀನೊಬ್ಬನೇ ಕಣಪ್ಪಾ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಡಾಗಿಸ್‌ನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಬೇಗ ಏಳಬೇಕೆಂದು ಊಟಕ್ಕೆ ಬಂದಿರಲಿಲ್ಲ. ಪೂರ್ತಿ ಕೇಳಿ, "ನಾಳೆಯೇ ಹೋಗಿ ಹೇಳಿ ಬನ್ನಿ" ಎಂದಳು. ನಾಳೆ ಎನ್ನುವುದು ನಾಡಿದ್ದಾಯಿತು. ಶ್ರೀಧರ ಮಾಲ್ಮೋಗೆ ಹೋದ. ಅವನ ಅಮ್ಮ ಊರಿಗೆ ಹೋದರು. ಇನ್ನು ಹೇಳಿ ಏನು ಪ್ರಯೋಜನ, ಪಾಪ ಅವರ ಮನಸ್ಸು ಯಾಕೆ ಕೆಡಿಸಬೇಕು ಎಂದು ನನಗೆ ನಾನೇ ದೊಡ್ಡ ಮನುಷ್ಯನ ಹಾಗೆ ಬುದ್ಧಿ ಹೇಳಿಕೊಂಡೆ. ಯಾರ ಮನಸ್ಸು ಕಾಪಾಡುತ್ತಿದ್ದೆ ಎಂದು ನಿಮಗೆ ಗೊತ್ತಾಗಿರಬಹುದು.

ಕಳೆದ ತಿಂಗಳು ಶ್ರೀಧರ ಊರಿಗೆ ಹೋಗಿ ಬಂದವನು ಆ ಸ್ಟೀಲ್ ಡಬ್ಬಿ ತಂದುಕೊಟ್ಟ. ಜೊತೆಗೆ ನನ್ನ ಫೋನಿಗೆ ಶಾರದಮ್ಮನವರ ವಾಯ್ಸ್ ಮೆಸೇಜು. "ಏನಪ್ಪಾ, ಚೆನ್ನಾಗಿದ್ದೀಯಾ? ಸಾರಿನ ಪುಡಿ ಕಳಿಸಿದ್ದೀನಿ. ಆ ಅಣಬೆ ಸಾರು ಮಾಡೋದು ಹೇಗೆ ಹೇಳಿಕೊಡು. ಇಲ್ಲಿ ಎರಡು ಸಲ ಮಾಡಿದೆ, ಏನೋ ಒಂದು ಕಮ್ಮಿ. ನಮ್ಮ ಭಜನೆ ಗುಂಪಿನವರಿಗೆಲ್ಲ ಹೇಳಿಬಿಟ್ಟಿದ್ದೀನಿ, ಮಾಡಿ ಬಡಿಸ್ತೀನಿ ಅಂತ."

ಅದಕ್ಕೆ ಉತ್ತರ ಕೊಡದೆ ನಾಲ್ಕು ವಾರ ಕಳೆದೆ. ಹೋದ ಭಾನುವಾರ ಮಧ್ಯಾಹ್ನ ಕೂತು ಯೋಚಿಸಿದೆ. ಅಡುಗೆಯವನಲ್ಲವೇ, ದಾರಿ ಹೊಳೆಯಿತು. ಒಣ ಅಣಬೆ ನೆನೆಸಿ, ಸ್ವಲ್ಪ ಹುರಿದ ಎಳ್ಳು, ಸುಟ್ಟ ಟೊಮೆಟೊ ಹಾಕಿದರೆ ಹತ್ತಿರ ಹತ್ತಿರ ಬರುತ್ತದೆ. ಫೋನಿನ ಗುಂಡಿ ಒತ್ತಿ ಹಿಡಿದು "ಅಮ್ಮ, ಮೊದಲು ಅಣಬೆ..." ಎಂದು ಶುರು ಮಾಡಿದೆ. ಹೆಂಡತಿ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತದೆ ಕೇಳಿದಳು:

"ಇದು ಮೂರನೇ ಬಟ್ಟಲಾ?"

ಹೇಳಿದ್ದನ್ನು ಅಳಿಸಿದೆ. ನೇರವಾಗಿ ಫೋನ್ ಮಾಡಿದೆ. ಕ್ಷೇಮ ಸಮಾಚಾರ ಕೇಳಿದರೆ ಧೈರ್ಯ ಹೋಗುತ್ತದೆಂದು ಒಂದೇ ಉಸಿರಿಗೆ ಹೇಳಿದೆ. ಅಮ್ಮ, ಅದು ಅಣಬೆಯಲ್ಲ, ಮೀನಿನ ರಸ.

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು. ಇನ್ನೊಂದು ಸಲವೂ ಕೂಗಿತು.

"ನಾನು ಇನ್ನೊಂದು ಬಟ್ಟಲು ಕೇಳಿದೆನಲ್ಲ" ಎಂದರು ಶಾರದಮ್ಮ. "ಆಗ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಅಮ್ಮ."

"ಮತ್ತೆ ಯಾಕಪ್ಪಾ ಹೇಳಲಿಲ್ಲ?"

"ಅವರು ಒಂದು ಹಾಳೆ ಕೊಟ್ಟಿದ್ರು. ನನಗೆ ಓದೋಕೆ ಬರಲಿಲ್ಲ. ಅದನ್ನ ಅಷ್ಟು ಜನರ ಮುಂದೆ ಹೇಳೋಕೆ ನಾಚಿಕೆ ಆಯ್ತು."

"ಓದೋಕೆ ಬರಲ್ಲ ಅನ್ನೋ ನಾಚಿಕೆಗೆ ನನಗೆ ಮೀನು ಕುಡಿಸಿದೆಯಾ?"

ಬೈಯುವ ದನಿಯಲ್ಲ. ಲೆಕ್ಕ ಸರಿಯಾಗಿ ತಿಳಿದುಕೊಳ್ಳುವವರ ದನಿ. "ಹೌದು ಅಮ್ಮ" ಅಂದೆ.

"ದೀಪ ಹಚ್ಚೋ ಹೊತ್ತಾಯ್ತು. ಇಡ್ತೀನಿ" ಎಂದರು. ಇಡಲಿಲ್ಲ. "ಆ ಪುಡಿ ವಾಪಸ್ ಗೀಪಸ್ ಕಳಿಸಬೇಡ. ನಿನಗೆ ಅಂತ ಮಾಡಿದ್ದು. ಮೀನು ಬೇಯಿಸಿದ ಪಾತ್ರೇಲಿ ಮಾತ್ರ ಮಾಡಬೇಡ." ಆಮೇಲೆ ಇಟ್ಟರು. ಇದು ಕ್ಷಮೆಯೋ ಅಲ್ಲವೋ ನನಗೆ ಇನ್ನೂ ತಿಳಿದಿಲ್ಲ. ಮತ್ತೆ ಫೋನ್ ಮಾಡಿಲ್ಲ, ಅವರೂ ಮಾಡಿಲ್ಲ.

ಅಡುಗೆಮನೆಗೆ ಹೋಗಿ ನೋಡಿದೆ. ದೊಡ್ಡ ಪಾತ್ರೆ, ಸಣ್ಣ ಪಾತ್ರೆ, ಕುಕ್ಕರ್ ಎಲ್ಲ ಮೀನು ಕಂಡವೇ. ಹಾಲು ಕಾಯಿಸುವ ಪಾತ್ರೆಯಲ್ಲೂ ಒಂದು ಸಲ ಸೀಗಡಿ ಬೇಯಿಸಿದ್ದೆವು. ಮೀನು ಮುಟ್ಟದ ಒಂದೇ ಒಂದು ಪಾತ್ರೆ ನನ್ನ ಮನೆಯಲ್ಲಿರಲಿಲ್ಲ.

ಇವತ್ತು ಕೆಲಸಕ್ಕೆ ಹೋಗುವ ಮೊದಲು ಪಾತ್ರೆ ಅಂಗಡಿಗೆ ಹೋದೆ. ಎರಡು ಲೋಟ ಸಾರು ಹಿಡಿಯುವಷ್ಟು ಸಣ್ಣದೊಂದು ಆರಿಸಿದೆ. ಅದರ ತಳಕ್ಕೆ ಒಂದು ಚೀಟಿ ಅಂಟಿಸಿದ್ದರು, ಸಣ್ಣ ಅಕ್ಷರ. ಕಣ್ಣು ಎಡದಿಂದ ಬಲಕ್ಕೆ ಹೊರಟೇಬಿಟ್ಟಿತ್ತು, ಹಳೇ ಅಭ್ಯಾಸ. ನಿಲ್ಲಿಸಿದೆ. ಅಂಗಡಿಯ ಹುಡುಗಿಯ ಹತ್ತಿರ ಹೋಗಿ, ನನಗೆ ಇದು ಓದಲು ಬರುವುದಿಲ್ಲ, ಏನು ಬರೆದಿದೆ ಎಂದೆ. ಅವಳು ಚೀಟಿ ಬೆಳಕಿಗೆ ಹಿಡಿದು ಓದಿದಳು. ನನ್ನ ಹಿಂದೆ ಸಾಲಿನಲ್ಲಿ ನಾಲ್ಕು ಜನ ನಿಂತಿದ್ದರು. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ.

ಇನ್ನೊಂದು ಸಲ ಓದಿ ಎಂದೆ.